ರಾಣಿಯನ್ನು ನಡೆಸಿದ ಲುಂಗಿ

ಮೊನ್ನೆ ಅಟ್ಟದ ಟ್ರಂಕು ಕೆಳಗಿಳಿಸಿ ಮುಚ್ಚಳ ತೆಗೆದದ್ದೇ ತಡ, ನೋವಿನ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಗಲ್ಫಿನಿಂದ ರಜೆಗೆ ಬಂದವರು ನೆಂಟರಿಷ್ಟರಿಗೆಲ್ಲ ಹಂಚುತ್ತಾರಲ್ಲ, ಸಣ್ಣ ಬಾಟಲಿಯ ಹಸಿರು ಎಣ್ಣೆ, ಅದು. ಅದರ ಜೊತೆಗೆ ಒಂದಿಷ್ಟು ಅತ್ತರು. ಇವೆರಡೂ ಕೂಡಿದ ವಾಸನೆ ನನಗೆ ಗೊತ್ತಿದ್ದ ಹಾಗೆ ಲೋಕದಲ್ಲಿ ಒಬ್ಬರಿಗೇ ಇತ್ತು, ನಮ್ಮ ಆಚೆಮನೆಯ ಹಾಜಿಯವರಿಗೆ. ಟ್ರಂಕಿನ ತಳದಲ್ಲಿ ಅವರ ನೀಲಿ ಚೌಕಳಿಯ ಲುಂಗಿ ಇತ್ತು. ಉದ್ದಕ್ಕೆ ಮಡಚಿ, ಎರಡು ತುದಿಗೂ ಹಿಡಿ ಇಟ್ಟು ಹೊಲಿದದ್ದು. ಹೊಲಿದವಳು ನಾನೇ. ತೊಳೆದೇ ಇಟ್ಟಿದ್ದೆ, ಆದರೂ ವಾಸನೆ ಹೋಗಿರಲಿಲ್ಲ. ಟ್ರಂಕಿನ ಮುಂದೆ ಕುಕ್ಕರಗಾಲಲ್ಲಿ ಕೂತು ಸ್ವಲ್ಪ ಹೊತ್ತು ಅತ್ತೆ. ಅಳುವುದಕ್ಕೆ ನನಗೆ ನಾಚಿಕೆಯೇನಿಲ್ಲ.

ಹಾಜಿಯವರಿಗೆ ಬಂಟ್ವಾಳ ಪೇಟೆಯಲ್ಲಿ ಜವಳಿ ಅಂಗಡಿ ಇತ್ತು. ನಾನು ಬಿ.ಸಿ.ರೋಡಿನಲ್ಲಿ ಲೇಡೀಸ್ ಟೈಲರಿಂಗ್ ಅಂಗಡಿ ಇಟ್ಟ ಹೊಸತರಲ್ಲಿ ಲೈನಿಂಗ್ ಬಟ್ಟೆಯೆಲ್ಲ ಅವರಲ್ಲಿಂದಲೇ ತರುತ್ತಿದ್ದೆ. ವಯಸ್ಸಿನಲ್ಲಿ ನನ್ನ ಅಪ್ಪನಷ್ಟು ದೊಡ್ಡವರು, ಆದರೂ ಅಂಗಡಿಯ ಅಭ್ಯಾಸ, ನನ್ನನ್ನು ಕೊನೆಯವರೆಗೂ ಅಕ್ಕ ಎಂದೇ ಕರೆದರು. ಮಳೆಗಾಲದಲ್ಲಿ ನೇತ್ರಾವತಿ ಪೇಟೆಗೆ ಏರಿ ಬರುವ ಲಕ್ಷಣ ಕಂಡರೆ ಬಟ್ಟೆಯ ಥಾನುಗಳನ್ನೆಲ್ಲ ಮಾಳಿಗೆಗೆ ಸಾಗಿಸುವುದು ಅಲ್ಲಿನ ಅಂಗಡಿಯವರ ವಾಡಿಕೆ. ಹಾಗೆ ಸಾಗಿಸುವಾಗ ಒಂದು ಸಲ ಏಣಿಯಿಂದ ಜಾರಿ ಬಿದ್ದು ಅವರ ಸೊಂಟದ ಕೀಲು ಕೆಟ್ಟಿತು. ಕೀಲು ಬದಲಿಸಬೇಕು ಎಂದು ಮಂಗಳೂರಿನ ಡಾಕ್ಟರು ಹೇಳಿದರೆ, ದೇವರು ಕೊಟ್ಟ ಕೀಲಿನಲ್ಲೇ ಹೋಗುತ್ತೇನೆ ಎಂದು ಎದ್ದು ಬಂದರಂತೆ. ಅಂಗಡಿಯನ್ನು ತಮ್ಮನ ಮಗನಿಗೆ ಬಿಟ್ಟು, ಕೋಲು ಹಿಡಿದು, ಮನೆಯ ಚಾವಡಿಯ ಕುರ್ಚಿಯಲ್ಲಿ ಕೂತರು. ಆ ಕುರ್ಚಿಯಿಂದ ಕಾಂಪೌಂಡು ಗೋಡೆಯ ಮೇಲಾಗಿ ನಮ್ಮ ಅಂಗಳ ಪೂರಾ ಕಾಣುತ್ತಿತ್ತು.

ರಾಣಿ ಬಂದದ್ದು ಆಗಲೇ. ಕುವೈತಿನಲ್ಲಿರುವ ನನ್ನ ಗಂಡ ರಜೆಯಲ್ಲಿ ಬಂದಾಗ, ಮಗಳು ಮೂಡಬಿದ್ರೆಯ ಹಾಸ್ಟೆಲಿಗೆ ಹೋದಳು, ಇನ್ನು ನೀನೊಬ್ಬಳೇ, ಮನೆಗೊಂದು ನಾಯಿ ಇರಲಿ ಎಂದು ಲ್ಯಾಬ್ರಡಾರ್ ಮರಿ ತಂದುಕೊಟ್ಟು ವಿಮಾನ ಹತ್ತಿದರು. ನನಗೆ ಅಂಗಡಿ, ಮನೆ, ಅದರ ಮೇಲೆ ಈ ಮರಿ. ತಲೆಬಿಸಿಯೋ ತಲೆಬಿಸಿ. ಆದರೆ ಬೆಣ್ಣೆ ಬಣ್ಣದ ಆ ಮುಖ ನೋಡಿದರೆ ಬೈಯಲು ಬಾಯಿ ಬರುತ್ತಿರಲಿಲ್ಲ.

ಹಾಜಿಯವರಿಗೆ ಮಾತ್ರ ಅವಳು ಬಂದ ದಿನದಿಂದ ಆಗದು. ಅವರು ಬೆಳಗಿನ ನಮಾಜಿಗೆ ಹೊರಟರೆ ಇವಳು ಗೇಟಿನ ತನಕ ಬೊಗಳುತ್ತಾ ಹೋಗುವಳು. ಒಮ್ಮೆ ಅವರು ಗೋಡೆಯ ಮೇಲೆ ಕೈ ಇಟ್ಟು ನನ್ನ ಹತ್ತಿರ ಮಾತಾಡುವಾಗ ಕಲ್ಲಿನ ಮೇಲೆ ಹತ್ತಿ ನಿಂತು ಅವರ ಬೆರಳು ನೆಕ್ಕಿಬಿಟ್ಟಳು. ಅವರು ಬೆಂಕಿ ತಾಗಿದ ಹಾಗೆ ಕೈ ಎಳೆದುಕೊಂಡರು. ನಾಯಿಯ ಜೊಲ್ಲು ತಾಗಿದರೆ ಅವರಲ್ಲಿ ಏಳು ಸಲ ತೊಳೆಯಬೇಕು, ಅದರಲ್ಲಿ ಒಂದು ಸಲ ಮಣ್ಣು ಹಚ್ಚಿ. ಆಮೇಲೆಯೇ ನಮಾಜು. ನಾಯಿಯ ಮೈ ಒಣಗಿದ್ದು, ಒಣ ಕೈ ತಾಗಿದರೆ ಅಷ್ಟು ಕಷ್ಟವಿಲ್ಲ, ಒದ್ದೆಯದ್ದೇ ತೊಂದರೆ ಎಂದು ಅವರೇ ವಿವರಿಸಿದ್ದರು. ನನ್ನದು ಮೊದಲೇ ಬಾಯಿ ಜೋರು. "ಹಾಗಾದ್ರೆ ಸೋಪಿನ ಖರ್ಚು ಉಳೀತಲ್ಲ ಹಾಜಿಯವರೇ" ಎಂದೆ. ಅವರು ನಗಲಿಲ್ಲ. ಆಮೇಲೆ ಮೂರು ದಿನ ಎದುರು ಸಿಕ್ಕಿದರೂ ಮಾತಾಡಲಿಲ್ಲ.

ರಾಣಿ ಬೆಳೆದಳು. ಬೆಳೆದಳು ಎನ್ನುವುದಕ್ಕಿಂತ ಊದಿದಳು ಎನ್ನಬೇಕು. ನಾಯಿ ದಪ್ಪ ಇದ್ದರೆ ಮನೆಯವರು ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂಬುದು ನಮ್ಮ ಕಡೆಯ ಲೆಕ್ಕ. ಕುಚ್ಚಲಕ್ಕಿ ಅನ್ನ, ಮೀನಿನ ತಲೆ, ಅದರ ಮೇಲೆ ಗಂಜಿ ತಿಳಿ. ಬಂದವರೆಲ್ಲ ಅವಳ ಬೆನ್ನು ತಟ್ಟಿ ಎಂಥ ನಾಯಿ ಮಾರಾಯ್ತಿ ಎನ್ನುವರು, ನಾನು ಉಬ್ಬಿ ಇನ್ನೊಂದು ಸೌಟು ಬಡಿಸುವೆ. ಓಡುವಾಗ ಎರಡೂ ಹಿಂಗಾಲನ್ನು ಒಟ್ಟಿಗೆ ಎತ್ತಿ ಮೊಲದಂತೆ ಕುಪ್ಪಳಿಸುತ್ತಿದ್ದಳು. ಅದನ್ನು ವಿಡಿಯೋ ಮಾಡಿ ಕುವೈತಿಗೆ ಕಳಿಸಿದೆ. ಅಲ್ಲಿ ರೂಮಿನವರೆಲ್ಲ ನೋಡಿ ನಕ್ಕರಂತೆ. ಚಾವಡಿಯ ಹಳೆಯ ಸಿಮೆಂಟು ನೆಲ ಕಿತ್ತು ಗಂಡ ಹಾಕಿಸಿದ ಟೈಲ್ಸ್ ಬೇರೆ, ಮುಖ ನೋಡಿಕೊಳ್ಳುವಷ್ಟು ನುಣುಪು. ಅವಳು ಅದರ ಮೇಲೆ ಜಾರಿ ಕಾಲು ಚೆಲ್ಲಿ ಬಿದ್ದರೆ ಅದಕ್ಕೂ ನಗು.

ನಗದೆ ಇದ್ದವರು ಹಾಜಿಯವರೊಬ್ಬರೇ. ಒಂದು ಭಾನುವಾರ ಗೋಡೆಯ ಹತ್ತಿರ ಬಂದು ನಿಂತರು.

"ಅಕ್ಕ, ತಪ್ಪು ತಿಳಿಯಬೇಡಿ. ನಿಮ್ಮ ನಾಯಿಗೆ ಸೊಂಟದಲ್ಲಿ ನೋವುಂಟು."

ಬೊಗಳಿದ ಸಿಟ್ಟು ಹೀಗೆ ತೀರಿಸಿಕೊಳ್ಳುತ್ತಿದ್ದಾರೆ ಎಂದು ನನಗೆ ಮೈಯೆಲ್ಲ ಉರಿಯಿತು. ಅವಳಿಗೆ ಎಂಥದೂ ಇಲ್ಲ, ಸೋಮಾರಿತನ ಅಷ್ಟೇ ಎಂದೆ. ಅವರು ವಾದಕ್ಕೆ ನಿಲ್ಲಲಿಲ್ಲ. "ಅದು ಏಳುವುದನ್ನು ನೋಡಿ. ಮುಂಗಾಲಿನಲ್ಲಿ ಮೈ ಎಳೆದುಕೊಂಡು ಏಳ್ತದೆ. ನಾನು ಕುರ್ಚಿಯ ಕೈ ಹಿಡಿದು ಏಳುವುದೂ ಹಾಗೇ ಅಲ್ವಾ" ಎಂದು ಹೇಳಿ ಕೋಲೂರಿಕೊಂಡು ಹೋದರು.

ಆ ಸಂಜೆ ನಾನು ಮೆಟ್ಟಿಲಲ್ಲಿ ಕೂತು ಅವಳನ್ನೇ ನೋಡಿದೆ. ಹೌದು... ಏಳುವ ಮೊದಲು ಒಂದು ಕ್ಷಣ ಯೋಚಿಸುತ್ತಿದ್ದಳು. ಎದ್ದ ಮೇಲೆ ನಾಲ್ಕು ಹೆಜ್ಜೆ ಬಿಗಿ, ಆಮೇಲೆ ಸಡಿಲ. ನಡೆಯುವಾಗ ಹಿಂಭಾಗ ಆಚೀಚೆ ತೂಗುತ್ತಿತ್ತು. ಕೂರುವಾಗ ಕಾಲು ಒಳಗೆ ಮಡಚದೆ ಒಂದು ಬದಿಗೆ ಚಾಚುತ್ತಿದ್ದಳು. ಮೊದಲೆಲ್ಲ ನನ್ನ ಹಿಂದೆಯೇ ಮೆಟ್ಟಿಲು ಹತ್ತುತ್ತಿದ್ದವಳು ಈಗ ಕೆಳಗೇ ನಿಂತು ಬಾಲ ಆಡಿಸುತ್ತಿದ್ದಳು. ಕೈ ಹಾಕಿ ನೋಡಿದರೆ ಭುಜ ಗಟ್ಟಿ, ತೊಡೆ ಮಾತ್ರ ಸಣ್ಣಗಾಗಿತ್ತು.

ಮಗಳು ಮೂಡಬಿದ್ರೆಯಲ್ಲಿ ಎಕ್ಸ್‌ರೇ ತೆಗೆಯುವ ನಾಯಿ ಡಾಕ್ಟ್ರಮ್ಮ ಒಬ್ಬರನ್ನು ಹುಡುಕಿದಳು. ಬಾಡಿಗೆಗೆ ಓಮ್ನಿ ಹೇಳಿದೆ. ಹೊರಡುವಾಗ ನೋಡಿದರೆ ಹಾಜಿಯವರು ಇಸ್ತ್ರಿ ಹಾಕಿದ ಅಂಗಿ ತೊಟ್ಟು ಗೇಟಿನಲ್ಲಿ ನಿಂತಿದ್ದಾರೆ. ಮೂಡಬಿದ್ರೆಯಲ್ಲಿ ಅವರಿಗೂ ಸ್ವಲ್ಪ ಕೆಲಸ ಉಂಟಂತೆ. ಎಂಥ ಕೆಲಸ ಎಂದು ನಾನು ಕೇಳಲಿಲ್ಲ, ಅವರು ಹೇಳಲೂ ಇಲ್ಲ. ಮುಂದಿನ ಸೀಟಿನಲ್ಲಿ ಕೂತು ಸಿದ್ಧಕಟ್ಟೆ ದಾಟುವವರೆಗೆ ಡ್ರೈವರನಿಗೆ ಹೊಂಡ ತಪ್ಪಿಸಿ ಹೋಗು, ಹಿಂದೆ ಪೇಶೆಂಟ್ ಉಂಟು ಎಂದು ಹೇಳುತ್ತಲೇ ಇದ್ದರು.

ಡಾಕ್ಟ್ರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು. ತೊಡೆಯೆಲುಬಿನ ತುದಿಯಲ್ಲಿ ಒಂದು ಗುಂಡು, ಅದು ಕೂರಲು ಸೊಂಟದಲ್ಲಿ ಒಂದು ಬಟ್ಟಲು. ರಾಣಿಯ ಬಟ್ಟಲು ಆಳವಾಗಿಲ್ಲ, ಗುಂಡು ಅದರಲ್ಲಿ ಸರಿಯಾಗಿ ಕೂತಿಲ್ಲ, ನಡೆಯುವಾಗ ಸಡಿಲವಾಗಿ ಉಜ್ಜುತ್ತದೆ. ಮೊಲದ ಕುಪ್ಪಳಿಕೆ ಅದೇ, ಒಂದೊಂದು ಕಾಲಿನ ಮೇಲೆ ಭಾರ ಹಾಕಲು ನೋವು. ಇದು ದೊಡ್ಡ ಜಾತಿಯ ನಾಯಿಗಳಿಗೆ ಹುಟ್ಟಿನಿಂದ ಬರುವಂಥದ್ದು, ಆದರೆ ಬೊಜ್ಜು ಮತ್ತು ಜಾರುವ ನೆಲ ಅದನ್ನು ಹೆಚ್ಚಿಸುತ್ತದೆ ಎಂದು ಹೇಳಿ ನನ್ನ ಮುಖ ನೋಡಿದರು. ಮೊದಲು ತೂಕ ಇಳಿಸಿ, ಮೆಟ್ಟಿಲು ಬೇಡ, ಹಾರಿಸಬೇಡಿ, ಹಾಗೆಂದು ಕಟ್ಟಿ ಕೂರಿಸಲೂ ಬೇಡಿ, ಮೆತ್ತಗಿನ ನೆಲದಲ್ಲಿ ಸ್ವಲ್ಪ ಸ್ವಲ್ಪ ದಿನಾ ನಡೆಸಿ ಎಂದರು. ನೋವಿಗೆ ಊಟದ ನಂತರ ಕೊಡುವ ಮಾತ್ರೆ ಬರೆದರು. ಇದರಲ್ಲಿ ಆಗದಿದ್ದರೆ ದೊಡ್ಡ ಊರಿನಲ್ಲಿ ಆಪರೇಷನ್ ಇದೆ, ಅದು ಆಮೇಲಿನ ಮಾತು.

ಅಷ್ಟರಲ್ಲಿ ಹಾಜಿಯವರು ಕಿಸೆಯಿಂದ ಒಂದು ಪಟ್ಟಿ ಮಾತ್ರೆ ತೆಗೆದು ಮೇಜಿನ ಮೇಲಿಟ್ಟರು. "ಇದು ನನ್ನ ಸೊಂಟದ್ದು ಡಾಕ್ಟ್ರೇ. ಒಳ್ಳೆ ಮಾತ್ರೆ. ಅರ್ಧ ಕೊಟ್ರೆ ಆಗ್ತದಾ ಅಂತ." ಡಾಕ್ಟ್ರಮ್ಮನ ಮುಖ ಗಂಭೀರವಾಯಿತು. ಮನುಷ್ಯರ ನೋವಿನ ಮಾತ್ರೆ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಮೂತ್ರಪಿಂಡವನ್ನೇ ಕೆಡಿಸುತ್ತದೆ, ಅರ್ಧ ಅಲ್ಲ, ಚೂರೂ ಕೊಡಬಾರದು ಎಂದರು. ಹಾಜಿಯವರು ಆ ಪಟ್ಟಿಯನ್ನು ಮೆಲ್ಲನೆ ಕಿಸೆಗೆ ಸೇರಿಸಿದರು. ಬರುವ ದಾರಿಯಲ್ಲಿ, "ಪುಣ್ಯ, ಕೇಳಿದ್ದು ಒಳ್ಳೇದಾಯ್ತು. ಬಿಸ್ಕತ್ತಿನಲ್ಲಿಟ್ಟು ಕೊಡುವ ಅಂತ ಇದ್ದೆ" ಎಂದರು.

ನಾನು ಅಂಗಡಿಯ ಚೂರು ಬಟ್ಟೆಗಳನ್ನೆಲ್ಲ ಗೋಣಿಗೆ ಜೋಡಿಸಿ ಹೊಲಿದು ಟೈಲ್ಸಿನ ಮೇಲೆ ಹಾಸಿದೆ. ಬಿ.ಸಿ.ರೋಡಿನ ಹೆಂಗಸರ ರವಿಕೆಯ ಬಣ್ಣವೆಲ್ಲ ನಮ್ಮ ಚಾವಡಿಯಲ್ಲಿತ್ತು. ಅನ್ನ ಕಡಿಮೆ ಮಾಡಿದೆ. ಅವಳು ಖಾಲಿ ತಟ್ಟೆಯನ್ನು ಮೂಗಿನಿಂದ ನೂಕುತ್ತಾ ಮನೆಯೆಲ್ಲ ತಿರುಗುತ್ತಿದ್ದಳು. ಆದರೂ ಆ ಮಳೆಗಾಲ ಬಂದದ್ದೇ, ಥಂಡಿಗೋ ಏನೋ, ಕೀಲು ಬಿಗಿದುಕೊಂಡು ರಾಣಿ ಮಲಗಿದವಳು ಏಳಲೇ ಇಲ್ಲ. ಮಲಗಿದಲ್ಲೇ ಎಲ್ಲ. ತೊಳೆದು, ಒರೆಸಿ, ಮಗ್ಗುಲು ಹೊರಳಿಸಿ ಅಂಗಡಿಗೆ ಓಡುವುದು. ತನ್ನಿಂದ ಚಾವಡಿ ಕೊಳೆಯಾಯಿತೆಂದು ಅವಳು ಮುಖ ಆಚೆ ತಿರುಗಿಸಿಕೊಳ್ಳುವುದನ್ನು ನೋಡಲಾಗುತ್ತಿರಲಿಲ್ಲ. ಕುವೈತಿನಿಂದ ಗಂಡ ಫೋನಿನಲ್ಲಿ, "ಅದಕ್ಕೂ ಕಷ್ಟ, ನಿನಗೂ ಕಷ್ಟ. ಒಂದು ಇಂಜೆಕ್ಷನ್ ಕೊಡಿಸಿ ಕಳಿಸಿಬಿಡುವ" ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ, ಅವರೂ ಅಳುತ್ತಿದ್ದರು. ನನಗೂ ಬೇರೆ ದಾರಿ ತೋಚಲಿಲ್ಲ.

ಅದನ್ನು ಗೋಡೆಯ ಹತ್ತಿರ ಹಾಜಿಯವರಿಗೆ ಹೇಳಿದೆ. ಅವರು ಇಷ್ಟು ವರ್ಷದಲ್ಲಿ ನನ್ನ ಮೇಲೆ ದನಿ ಏರಿಸಿದ್ದು ಅದೊಂದೇ ಸಲ.

"ಸೊಂಟ ಹೋದವರಿಗೆಲ್ಲ ಇಂಜೆಕ್ಷನ್ ಆದ್ರೆ ಮೊದಲು ನನ್ನನ್ನು ಕರ್ಕೊಂಡು ಹೋಗಿ ಅಕ್ಕ. ವಯಸ್ಸಿನಲ್ಲಿ ನಾನೇ ದೊಡ್ಡವ."

ಆಮೇಲೆ ದನಿ ಇಳಿಸಿ, "ಚೌತಿಯವರೆಗೆ ನೋಡುವ. ಅಷ್ಟರಲ್ಲಿ ತಾನಾಗಿ ಏಳದಿದ್ದರೆ ನಾನು ಮಾತಾಡುವುದಿಲ್ಲ" ಎಂದರು. ಸರಿ ಎಂದೆ. ಡಾಕ್ಟ್ರಮ್ಮನಿಗೆ ಫೋನ್ ಮಾಡಿದರೆ, ಹೊಟ್ಟೆಯ ಅಡಿಯಿಂದ ಅಗಲ ಬಟ್ಟೆ ಹಾಯಿಸಿ ಹಿಂಭಾಗಕ್ಕೆ ಆಸರೆ ಕೊಟ್ಟು ನಡೆಸಲು ಹೇಳಿದರು. ಎತ್ತಬಾರದು, ಭಾರ ಸ್ವಲ್ಪ ಹಂಚಿಕೊಳ್ಳಬೇಕು ಅಷ್ಟೇ.

ಬಟ್ಟೆ ಎಂದದ್ದೇ ಹಾಜಿಯವರ ಒಳಗಿನ ಜವಳಿ ವ್ಯಾಪಾರಿ ಎದ್ದು ಕೂತ. ಟವೆಲ್ ಬೇಡ, ಒರಟು. ಸೀರೆ ಬೇಡ, ಜಾರುತ್ತದೆ. ಲುಂಗಿಯೇ ಆಗಬೇಕು, ಅದೂ ಒಗೆದು ಹದವಾದದ್ದು. ಒಳಗೆ ಹೋಗಿ ತಾವು ಉಡುತ್ತಿದ್ದ ನೀಲಿ ಚೌಕಳಿಯದ್ದೇ ತಂದರು. ಅಂಗಡಿಯಲ್ಲಿ ಮಡಚುತ್ತಿದ್ದ ಹಾಗೆ ಉದ್ದಕ್ಕೆ ಮಡಚಿ, ಅಂಚು ಒಳಗೆ ಹೋಗಲಿ, ಹೊಟ್ಟೆಗೆ ಗೀರಬಾರದು ಎಂದರು. ಹಿಡಿಗೆ ನಾನು ಹಾಕಿದ ಹೊಲಿಗೆಯನ್ನು ಕಣ್ಣ ಹತ್ತಿರ ಹಿಡಿದು ನೋಡಿ, ಇದು ರವಿಕೆಯ ಹೊಲಿಗೆ, ನಾಯಿಯ ಭಾರಕ್ಕೆ ಸಾಲದು ಎಂದು ಬಿಚ್ಚಿಸಿದರು. ನನಗೆ ಕೆಂಡದಂಥ ಸಿಟ್ಟು ಬಂತು. ಬಿಚ್ಚಿ ಇನ್ನೊಮ್ಮೆ ಹೊಲಿದೆ.

ಬೆಳಿಗ್ಗೆ ನಡೆಸುವುದು ನಾನು, ಸಂಜೆಗೆ ಅವರು. ನಾನು ಅಂಗಡಿ ಮುಚ್ಚಿ ಬರುವಾಗ ಕತ್ತಲಾಗುತ್ತಿತ್ತು. ಗೋಡೆಯಲ್ಲಿದ್ದ ಸಣ್ಣ ಗೇಟು ತೆಗೆದು ಅವರು ನಮ್ಮ ಅಂಗಳಕ್ಕೆ ಬರುವರು, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಲುಂಗಿಯ ಎರಡೂ ಹಿಡಿ. ಹಿಡಿಯನ್ನು ಉದ್ದ ಇಡಿಸಿದ್ದೂ ಅವರೇ, ಕೈಗೂ ನಾಯಿಗೂ ಮೊಳದಷ್ಟು ಅಂತರ ಇರಲೆಂದು. ಮಳೆ ಬಿಟ್ಟ ಹೊತ್ತು ನೋಡಿ, ನಮ್ಮ ಬದಿಯಲ್ಲಿ ಗೋಡೆಯ ಉದ್ದಕ್ಕೂ ಇರುವ ಮಣ್ಣಿನ ಓಣಿಯಲ್ಲಿ ಇಬ್ಬರೂ ಕುಂಟುತ್ತಾ ಹೋಗಿ ಬರುವರು. ಒಂದು ದಿನ ಬೇಗ ಬಂದಾಗ ದೂರದಿಂದ ಕೇಳಿಸಿಕೊಂಡೆ, ಅವಳ ಹತ್ತಿರ ತಮ್ಮ ಮನೆಮಾತು ಬ್ಯಾರಿ ಭಾಷೆಯಲ್ಲಿ ಏನೋ ದೀರ್ಘವಾಗಿ ಹೇಳುತ್ತಿದ್ದರು. ನಾಯಿಗೆ ಯಾವ ಭಾಷೆ ಬರ್ತದೆ ಹಾಜಿಯವರೇ ಎಂದು ಕೇಳಿದ್ದಕ್ಕೆ, ಲುಂಗಿಯನ್ನು ನನ್ನ ಕೈಗಿಟ್ಟು, ನಮಾಜಿಗೆ ಹೊತ್ತಾಯಿತೆಂದು ಹಿತ್ತಲ ಕಡೆಗೆ ನಡೆದುಬಿಟ್ಟರು.

ಚೌತಿ ಹತ್ತಿರ ಬಂತು. ಲುಂಗಿ ಹಿಡಿದರೆ ನಡೆಯುತ್ತಿದ್ದಳು, ಬಿಟ್ಟರೆ ಕೂರುತ್ತಿದ್ದಳು. ತಾನಾಗಿ ಏಳುವುದು ಮಾತ್ರ ಇಲ್ಲ. ನಾನು ಒಳಗೊಳಗೇ ಮನಸ್ಸು ಗಟ್ಟಿ ಮಾಡತೊಡಗಿದ್ದೆ.

ಅಷ್ಟರಲ್ಲಿ ಕನ್ಯಾನದಲ್ಲಿ ಹಾಜಿಯವರ ತಂಗಿಯ ಮಗಳ ಮದುವೆ ಬಂತು. ಆ ದಿನ ಸಂಜೆಗೆ ಅವರಿಲ್ಲವೆಂದು ನಾನು ಬೇಗ ಅಂಗಡಿ ಮುಚ್ಚಿ ಬಂದೆ. ರಾಣಿ ಅಂಗಳದಲ್ಲಿ ಮಲಗಿ ಸಣ್ಣ ಗೇಟನ್ನೇ ನೋಡುತ್ತಿದ್ದಳು. ನಾನು ಲುಂಗಿ ತಂದು ಕರೆದರೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅವರು ಬರುವ ಹೊತ್ತು ಮೀರಿತು. ಅವಳು ಒಮ್ಮೆ ಕುಂಯ್ ಎಂದಳು. ಆಮೇಲೆ ಮುಂಗಾಲು ಊರಿದಳು, ಅರ್ಧಕ್ಕೆ ತಡೆದಳು, ಮತ್ತೆ ಊರಿದಳು... ಹಿಂಗಾಲು ನಡುಗುತ್ತಾ ಮೇಲೆ ಬಂತು. ತೂಗಾಡುತ್ತಾ ಗೇಟಿನವರೆಗೆ ಹೋಗಿ ಮೂಗು ತಾಗಿಸಿ ನಿಂತಳು. ನನ್ನ ಕೈಯಲ್ಲಿ ಲುಂಗಿ ಹಾಗೇ ಇತ್ತು.

ಮದುವೆ ಮನೆಗೆ ಫೋನ್ ಮಾಡಿದೆ. ಆ ಕಡೆ ದಫ್ ಬಡಿಯುವ ಸದ್ದು, ಮಕ್ಕಳ ಗಲಾಟೆ.

"ಹಾಜಿಯವರೇ, ರಾಣಿ ತಾನಾಗಿ ಎದ್ದಳು."

"ಗೋಣಿಯ ಮೇಲೆಯಾ, ಮಣ್ಣಿನ ಮೇಲೆಯಾ?" ಎಂದರು. ಮಣ್ಣಿನ ಮೇಲೆ ಎಂದೆ. "ಅಲ್‌ಹಮ್ದುಲಿಲ್ಲಾ. ಬಿರಿಯಾನಿ ಆದದ್ದೇ ಬರ್ತೇನೆ. ತುಂಬ ಹೊತ್ತು ನಿಲ್ಲಿಸಬೇಡಿ" ಎಂದು ಫೋನ್ ಇಟ್ಟರು. ಗಂಡನಿಗೆ ಹೇಳುವ ಮೊದಲು ಅವರಿಗೆ ಹೇಳಿದ್ದೆ ಎಂಬುದು ನನಗೆ ಹೊಳೆದದ್ದು ಆಮೇಲೆ.

ಆ ಕೀಲು ಪೂರಾ ಸರಿಯಾಗಲಿಲ್ಲ, ಆಗುವಂಥದ್ದೂ ಅಲ್ಲ. ಆದರೆ ತೂಕ ಇಳಿಯಿತು, ತೊಡೆಗೆ ಬಲ ಬಂತು, ವರ್ಷಗಟ್ಟಲೆ ಅವಳು ಚೆನ್ನಾಗಿಯೇ ನಡೆದಳು. ಈಜು ಕೀಲಿಗೆ ಒಳ್ಳೆಯದು ಎಂದು ಡಾಕ್ಟ್ರಮ್ಮ ಹೇಳಿದ ಮೇಲೆ ಬೇಸಗೆಯ ಭಾನುವಾರಗಳಲ್ಲಿ ನೇತ್ರಾವತಿಯ ನಿಂತ ನೀರಿಗೆ ಕರೆದೊಯ್ಯುತ್ತಿದ್ದೆವು. ಹಾಜಿಯವರು ದಡದ ಬಂಡೆಯ ಮೇಲೆ ಕೂತು, ಆಚೆ ಹೋಗಬೇಡ, ಇಲ್ಲೇ ತಿರುಗು ಎಂದು ಅವಳಿಗೆ ಕೋಲಿನಿಂದ ದಾರಿ ತೋರಿಸುವರು. ಅವಳು ಮೇಲೆ ಬಂದು ಮೈ ಕೊಡವಲು ಹೊರಟರೆ ಮಾತ್ರ ಅಲ್ಲಿಂದ ಎದ್ದು ಪರಾರಿ. ಕೋಲನ್ನು ಬಂಡೆಯ ಮೇಲೆಯೇ ಮರೆತು ಮರಳಿನಲ್ಲಿ ಓಡಿದ್ದೂ ಉಂಟು. ಆ ಓಟ ಕಂಡಾಗಲೆಲ್ಲ ನಾನು ಅವರ ಆಪರೇಷನ್ನಿನ ಮಾತೆತ್ತುತ್ತಿದ್ದೆ. "ರಾಣಿಗೆ ಆಪರೇಷನ್ ಇಲ್ಲದೆ ಆಯ್ತಲ್ಲ, ನನಗೂ ಆಗ್ತದೆ" ಎನ್ನುವರು. ಅನ್ನ ಕಡಿಮೆ ಮಾಡಿ ಎಂದರೆ ಮಾತ್ರ ಕಿವಿ ಕೇಳಿಸುತ್ತಿರಲಿಲ್ಲ.

ಎರಡು ವರ್ಷದ ಹಿಂದೆ, ಬೆಳಗಿನ ನಮಾಜು ಮುಗಿಸಿ ಬಂದು ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ಹೃದಯ ನಿಂತಿತ್ತು. ಅಷ್ಟು ವರ್ಷ ಸೊಂಟದ ಬಗ್ಗೆಯೇ ತಲೆ ತಿಂದಿದ್ದೆ, ಎದೆಯ ಬಗ್ಗೆ ಒಂದು ಮಾತೂ ಆಡಿರಲಿಲ್ಲ... ನನಗೆ ಅಪ್ಪ ಹೋದಾಗ ಆದಷ್ಟೇ ದುಃಖವಾಯಿತು. ಬರೆದು ಹೇಳಲು ಸಂಕೋಚವೇನಿಲ್ಲ, ಆ ಮನುಷ್ಯನೆಂದರೆ ನನಗೆ ತುಂಬ ಇಷ್ಟ. ರಾಣಿ ಬಹಳ ದಿನ ಸಂಜೆಯಾದರೆ ಗೇಟಿನ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ಆಮೇಲೆ ಬಿಟ್ಟಳು.

ಈಗ ಅವಳಿಗೆ ವಯಸ್ಸಾಗಿದೆ, ಮುಖವೆಲ್ಲ ಬೆಳ್ಳಗಾಗಿದೆ. ಈ ಮಳೆಗಾಲ ಮತ್ತೆ ಹಿಂಗಾಲು ಸೋತಿದೆ. ಟ್ರಂಕು ಇಳಿಸಿದ್ದು ಅದಕ್ಕೇ. ಲುಂಗಿಯನ್ನು ಅವಳ ಹೊಟ್ಟೆಯ ಅಡಿಯಿಂದ ಹಾಯಿಸಿ ಓಣಿಯಲ್ಲಿ ಮೆಲ್ಲಗೆ ನಡೆಸಿಕೊಂಡು ಹೋದೆ. ಗೋಡೆಯ ಆಚೆ ಬದಿಯಲ್ಲಿ ಹಾಜಿಯವರ ಹೆಂಡತಿ ಪಾತ್ರೆ ತೊಳೆಯುತ್ತಿದ್ದರು. ಅವರನ್ನು ನಾನು ಮಾಮಿ ಎನ್ನುವುದು. ನಾಯಿಯೆಂದರೆ ಅವರಿಗೆ ಮೊದಲಿನಿಂದಲೂ ಹೆದರಿಕೆ, ಒಂದು ದಿನವೂ ಹತ್ತಿರ ಬಂದವರಲ್ಲ. ಲುಂಗಿಯನ್ನು ಗುರುತು ಹಿಡಿದು ಕೈ ಕೆಲಸ ನಿಲ್ಲಿಸಿದರು.

"ಪಾಪ, ಅದಕ್ಕೆ ಈಗ ಕೈ ಕೊಡುವವರು ಯಾರೂ ಇಲ್ಲ" ಎಂದರು.

ಯಾವ ಕೈ ಎಂದು ಕೇಳಿದೆ. ಅವರು ಒಗೆಯುವ ಕಲ್ಲಿನ ಕಡೆ ತೋರಿಸಿದರು. ನಲ್ಲಿಯ ಪಕ್ಕದಲ್ಲಿ ಒಂದು ತೆಂಗಿನ ಗೆರಟೆ, ಅದರ ತುಂಬ ಕೆಂಪು ಮಣ್ಣು.

"ನಡೆಸಿ ಆದ ಮೇಲೆ ದಿನಾ ಕೈ ನೆಕ್ಕಲಿಕ್ಕೆ ಬಿಡ್ತಿದ್ರು. ಅಷ್ಟು ನೋವಿನಲ್ಲಿ ನಡೀತದೆ, ಅದಕ್ಕೂ ಏನಾದರೂ ಬೇಕಲ್ವಾ ಅಂತ. ಆಮೇಲೆ ಇಲ್ಲಿ ಬಂದು ಮಣ್ಣು ಹಚ್ಚಿ, ಏಳು ಸಲ ತೊಳೆದು ನಮಾಜಿಗೆ ಹೋಗುವುದು. ಮಳೆಯಲ್ಲಿ ಮಣ್ಣು ತೊಳೆದು ಹೋದರೆ ಕುಂಟುತ್ತಾ ಹೋಗಿ ತಾವೇ ತುಂಬಿಸಿ ಇಡ್ತಿದ್ರು. ನಿಮಗೆ ಹೇಳಬಾರದು ಅಂತ ನನಗೆ ತಾಕೀತು. ನೀವು ತಮಾಷೆ ಮಾಡ್ತೀರಂತೆ."

ನಾನು ಖಂಡಿತ ಮಾಡುತ್ತಿದ್ದೆ. ಗೆರಟೆಯನ್ನೇ ನೋಡುತ್ತಾ ಕೇಳಿದೆ, ಅವರು ಹೋಗಿ ಎರಡು ಮಳೆಗಾಲ ಕಳೆಯಿತಲ್ಲ ಮಾಮಿ, ಗೆರಟೆಯಲ್ಲಿ ಮಣ್ಣು ಹೇಗೆ ಉಂಟು?

"ಈಗ ನಾನು ತುಂಬಿಸಿ ಇಡ್ತೇನೆ" ಎಂದು ಮಾಮಿ ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು ಗೋಡೆಯ ಹತ್ತಿರ ಬಂದರು. ಸಣ್ಣ ಗೇಟಿನ ಸರಳಿನ ನಡುವೆ ಬಲಗೈ ಚಾಚಿ, ಕಣ್ಣು ಮುಚ್ಚಿಕೊಂಡು ನಿಂತರು. ರಾಣಿ ಮೂಸಿ ನೋಡಿದಳು, ಆಮೇಲೆ ನಿಧಾನವಾಗಿ ನೆಕ್ಕಿದಳು.

ಆದಮೇಲೆ ಅವರು ಕೈಯನ್ನು ಬಟ್ಟೆಗೆ ತಾಗದ ಹಾಗೆ ದೂರ ಹಿಡಿದುಕೊಂಡು ಒಗೆಯುವ ಕಲ್ಲಿಗೆ ಹೋದರು. ಗೆರಟೆಯಿಂದ ಮಣ್ಣು ತೆಗೆದುಕೊಂಡರು. ನಾನು ಲುಂಗಿಯ ಹಿಡಿ ಹಿಡಿದುಕೊಂಡು, ನಲ್ಲಿಯ ಸದ್ದು ನಿಲ್ಲುವವರೆಗೆ ರಾಣಿಯ ಜೊತೆ ಅಲ್ಲೇ ನಿಂತಿದ್ದೆ.